ತಾತಾ ವಾಸ್ಕೊ ಉಳಿಸಿಹೋದ ಸಾಲ

1565ರಲ್ಲಿ, ಮೆಕ್ಸಿಕೋದ ಮಿಚೊವಾಕಾನ್ ಸೀಮೆಯ ವಯೋವೃದ್ಧ ಬಿಷಪ್ ಒಬ್ಬ ಸಾಯುವ ಮುನ್ನ ಉಯಿಲು ಬರೆಸಿದ. ಅದರಲ್ಲೊಂದು ಷರತ್ತಿತ್ತು. ಪಾತ್ಸ್‌ಕ್ವಾರೊ ಊರಿನಲ್ಲಿ ತಾನು ಸ್ಥಾಪಿಸಿದ ಕಾಲೇಜಿನಲ್ಲಿ ಆ ಊರಿನ ಮತ್ತು ಅದರ ಕೇರಿಗಳ ಮೂಲನಿವಾಸಿಗಳ ಮಕ್ಕಳಿಗೆ ಪುಕ್ಕಟೆಯಾಗಿ ವಿದ್ಯೆ ಕಲಿಸಬೇಕು. ಯಾಕೆಂದರೆ ಆ ಕಟ್ಟಡಕ್ಕಾಗಿ ದುಡಿದವರು ಅವರದೇ ಹಿರಿಯರು. ಈ ಕಲಿಕೆ ಆ ದುಡಿಮೆಗೆ ಸಲ್ಲಬೇಕಾದ ಪ್ರತಿಫಲ.

ವಿದ್ಯಾದಾನ ಎಂಬ ಮಾತು ನಮಗೆ ಹೊಸದಲ್ಲ. ಆದರೆ ಈ ಬಿಷಪ್ ದಾನದ ಮಾತೇ ಆಡುವುದಿಲ್ಲ. ಕೊಡಬೇಕಾದ ಬಾಕಿಯ ಮಾತಾಡುತ್ತಾನೆ. ಮೆಕ್ಸಿಕೋದ ಇತಿಹಾಸ ಓದುತ್ತಾ ಈ ಷರತ್ತಿನ ಹತ್ತಿರ ಬಂದಾಗ ನಾನು ಅಲ್ಲಿಯೇ ನಿಂತುಬಿಟ್ಟೆ. ಮೊರೇಲಿಯಾ ನಗರದಲ್ಲಿರುವ ಮಿಚೊವಾಕಾನ್ ವಿಶ್ವವಿದ್ಯಾಲಯದ ಕಥೆಯೆಲ್ಲ ಈ ಬಾಕಿಯ ಸುತ್ತಲೇ ತಿರುಗುತ್ತದೆ ಎಂದು ನನಗೆ ಅನ್ನಿಸಿದೆ.

ಬಿಷಪ್‌ನ ಹೆಸರು ವಾಸ್ಕೊ ದೆ ಕಿರೋಗಾ. ಮೂಲತಃ ಪಾದ್ರಿಯಲ್ಲ, ಕಾನೂನು ಓದಿದವನು. 1531ರಲ್ಲಿ ಮೆಕ್ಸಿಕೋಗೆ ನ್ಯಾಯಾಧೀಶನಾಗಿ ಬಂದ. ಅದಕ್ಕೆ ಒಂದು ವರ್ಷ ಹಿಂದೆಯಷ್ಟೇ ನೂನ್ಯೊ ದೆ ಗುಸ್ಮಾನ್ ಎಂಬ ಸ್ಪೇನಿನ ಅಧಿಕಾರಿ ಚಿನ್ನದಾಸೆಗೆ ಪುರೆಪೆಚಾ ಜನರ ದೊರೆಯನ್ನು ಹಿಂಸಿಸಿ ಕೊಲ್ಲಿಸಿದ್ದ. ಜನ ಊರು ಬಿಟ್ಟು ಬೆಟ್ಟ ಸೇರಿದ್ದರು. ಕಿರೋಗಾ ಥಾಮಸ್ ಮೋರ್‌ನ ‘ಯುಟೋಪಿಯಾ’ವನ್ನು ಓದಿ ತಲೆದೂಗಿ ಸುಮ್ಮನಾಗುವ ಪೈಕಿಯಲ್ಲ, ಅದನ್ನು ನೆಲದ ಮೇಲೆ ಕಟ್ಟಿನೋಡಲು ಹೊರಟವನು. ಪಾತ್ಸ್‌ಕ್ವಾರೊ ಸರೋವರದ ದಡದಲ್ಲಿ ಸಾಂತಾ ಫೆ ಎಂಬ ಹಳ್ಳಿ ಎದ್ದಿತು. ಅಲ್ಲಿ ಭೂಮಿ ಎಲ್ಲರದು, ದುಡಿಮೆಗೆ ಹೊತ್ತು ನಿಗದಿ, ಕಾಯಿಲೆಯವರಿಗೆ ಆಸ್ಪತ್ರೆ. ಇವತ್ತಿಗೂ ಸಾಂತಾ ಕ್ಲಾರಾದವರು ತಾಮ್ರ ಬಡಿಯುತ್ತಾರೆ, ಪರಾಚೊದವರು ಗಿಟಾರ್ ಮಾಡುತ್ತಾರೆ. ಊರಿಗೊಂದು ಕಸುಬು ಹಂಚಿಕೊಟ್ಟವನು ಅವನೇ ಎಂದು ಅಲ್ಲಿನವರ ನಂಬಿಕೆ. ಅವನನ್ನು ಕರೆಯುವುದು ‘ತಾತಾ ವಾಸ್ಕೊ’ ಎಂದು. ಪುರೆಪೆಚಾ ನುಡಿಯಲ್ಲಿ ತಾತಾ ಎಂದರೆ ಅಪ್ಪ. ನಮ್ಮ ತಾತನಿಗೂ ಅವರ ತಾತಾನಿಗೂ ನಂಟಿಲ್ಲ, ಆದರೂ ಕಿವಿಗೆ ಹಿತವೆನಿಸುತ್ತದೆ.

1540ರಲ್ಲಿ ಅವನು ಸಾನ್ ನಿಕೊಲಾಸ್ ಕಾಲೇಜು ಆರಂಭಿಸಿದ. ಸ್ಥಳೀಯ ಭಾಷೆ ಬಲ್ಲ ಪಾದ್ರಿಗಳನ್ನು ತಯಾರು ಮಾಡುವುದು ಉದ್ದೇಶ. ಆದರೆ ಪಾದ್ರಿಯಾಗಲು ಓದುತ್ತಿದ್ದವರು ಸ್ಪೇನಿನವರ ಮಕ್ಕಳು. ಪುರೆಪೆಚಾ ಮಕ್ಕಳು ಅವರ ಜೊತೆ ಕೂತು ಓದುಬರಹ ಕಲಿಯಬಹುದಿತ್ತು, ಅವರಿಗೆ ತಮ್ಮ ಭಾಷೆ ಕಲಿಸಬಹುದಿತ್ತು. ಪಾದ್ರಿ ಪಟ್ಟ ಮಾತ್ರ ಅವರ ಪಾಲಿಗಿರಲಿಲ್ಲ. 1555ರಲ್ಲಿ ಮೆಕ್ಸಿಕೋದ ಚರ್ಚ್ ಸಭೆ ಮೂಲನಿವಾಸಿಗಳಿಗೆ ದೀಕ್ಷೆ ಕೊಡಬಾರದೆಂದು ನಿಯಮವನ್ನೇ ಮಾಡಿತು. ಗೋಡೆ ಕಟ್ಟಿದವರಿಗೆ ಅಕ್ಷರ ಸಿಕ್ಕಿತು, ಅಧಿಕಾರ ಸಿಗಲಿಲ್ಲ. ಸಾಲದಲ್ಲಿ ಅರ್ಧವಷ್ಟೇ ತೀರಿತು.

1580ರಲ್ಲಿ ಕಾಲೇಜು ವಾಯ್ಯಾದೊಲಿದ್ ನಗರಕ್ಕೆ ಸ್ಥಳಾಂತರವಾಯಿತು. ಎರಡು ಶತಮಾನಗಳ ಬಳಿಕ, 1790ರಲ್ಲಿ, ಅದರ ಮುಖ್ಯಸ್ಥನಾದವನು ಮಿಗೆಲ್ ಇದಾಲ್ಗೊ. ಅದೇ ಹೊತ್ತಿಗೆ ಅಲ್ಲಿ ಓದುತ್ತಿದ್ದ ಬಡ ಬಡಗಿಯ ಮಗನ ಹೆಸರು ಹೋಸೆ ಮರಿಯಾ ಮೊರೇಲೊಸ್. 1810ರ ಸೆಪ್ಟೆಂಬರ್ 16ರಂದು ಸ್ಪೇನ್ ಆಳ್ವಿಕೆಯ ವಿರುದ್ಧ ದಂಗೆಯ ಕರೆ ಕೊಟ್ಟವನು ಇದಾಲ್ಗೊ; ಮರುವರ್ಷ ಅವನನ್ನು ಗುಂಡಿಕ್ಕಿ ಕೊಂದಾಗ ಹೋರಾಟವನ್ನು ಮುಂದುವರಿಸಿದವನು ಮೊರೇಲೊಸ್. ದಂಗೆ ಶುರುವಾದ ಮರುತಿಂಗಳಲ್ಲೇ, ಇದಾಲ್ಗೊನ ಆಜ್ಞೆಯ ಮೇರೆಗೆ, ಗುಲಾಮಗಿರಿ ರದ್ದಾಯಿತೆಂಬ ಪ್ರಕಟಣೆ ಹೊರಬಿದ್ದದ್ದೂ ಇದೇ ವಾಯ್ಯಾದೊಲಿದ್‌ನಲ್ಲಿ. 1828ರಲ್ಲಿ ಊರು ಮೊರೇಲೊಸ್‌ನ ಹೆಸರು ಹೊತ್ತು ಮೊರೇಲಿಯಾ ಆಯಿತು.

ಯುದ್ಧದ ಗದ್ದಲದಲ್ಲಿ ಮುಚ್ಚಿದ ಕಾಲೇಜನ್ನು 1847ರಲ್ಲಿ ಮತ್ತೆ ತೆರೆಸಿದವನು ರಾಜ್ಯಪಾಲ ಮೆಲ್ಚೊರ್ ಒಕಾಂಪೊ. ಈಗ ಅದು ಚರ್ಚಿನದಲ್ಲ, ರಾಜ್ಯದ್ದು. 1861ರಲ್ಲಿ ಸಂಪ್ರದಾಯವಾದಿಗಳ ಪಡೆ ಒಕಾಂಪೊನನ್ನು ಹಿಡಿದು ಕೊಂದಿತು. ಸಾವಿಗೆ ಮುನ್ನ ಬರೆದ ಉಯಿಲಿನಲ್ಲಿ ಅವನು ತನ್ನ ಪುಸ್ತಕಗಳನ್ನು ಸಾನ್ ನಿಕೊಲಾಸ್‌ಗೆ ಬಿಟ್ಟುಕೊಟ್ಟ. ಅವನ ಹೃದಯವನ್ನು ಇಂದಿಗೂ ಅದೇ ಕಾಲೇಜಿನ ಒಂದು ಕೋಣೆಯಲ್ಲಿ ಕಾಪಾಡಿದ್ದಾರೆ. ಹೈಸ್ಕೂಲು ದಾಟಿದ ಹುಡುಗ ಹುಡುಗಿಯರು ಆ ಕಟ್ಟಡದಲ್ಲಿ ಪಾಠ ಕೇಳುತ್ತಾರೆ, ಏಕೆಂದರೆ ಸಾನ್ ನಿಕೊಲಾಸ್ ಈಗ ವಿಶ್ವವಿದ್ಯಾಲಯದ ಪದವಿಪೂರ್ವ ಶಾಲೆಗಳಲ್ಲಿ ಒಂದು.

ವಿಶ್ವವಿದ್ಯಾಲಯವಾಗಿ ಅದು ಹುಟ್ಟಿದ್ದು ಮೆಕ್ಸಿಕೋ ಕ್ರಾಂತಿಯ ಬಿಸಿಯಲ್ಲಿ, 1917ರ ಅಕ್ಟೋಬರ್ 15ರಂದು. ರಾಜ್ಯಪಾಲ ಪಾಸ್ಕ್ವಾಲ್ ಓರ್ತಿಸ್ ರುಬಿಯೊ ಹಳೆಯ ಕಾಲೇಜು, ವೈದ್ಯಕೀಯ, ಕಾನೂನು ಮುಂತಾದ ಶಾಲೆಗಳನ್ನೆಲ್ಲ ಒಂದುಗೂಡಿಸಿದ. ಸರ್ಕಾರದಿಂದ ಸ್ವತಂತ್ರ ಎಂದು ಕಾನೂನಿನಲ್ಲೇ ಬರೆಯಲಾಯಿತು. ಅರ್ಜೆಂಟೀನಾದ ಕೊರ್ದೊಬಾದಲ್ಲಿ ವಿದ್ಯಾರ್ಥಿಗಳು ಸ್ವಾಯತ್ತತೆಗಾಗಿ ಎದ್ದು ನಿಂತದ್ದು ಅದರ ಮರುವರ್ಷ. ಮೆಕ್ಸಿಕೋದ ರಾಷ್ಟ್ರೀಯ ವಿಶ್ವವಿದ್ಯಾಲಯಕ್ಕೆ ಸ್ವಾಯತ್ತತೆ ಸಿಕ್ಕಿದ್ದು 1929ರಲ್ಲಿ. ರಾಜಧಾನಿಯಿಂದ ದೂರದ ಒಂದು ಊರು ಈ ವಿಷಯದಲ್ಲಿ ಮುಂದಿತ್ತು. 1939ರಲ್ಲಿ ಸ್ಪೇನಿನ ಅಂತರ್ಯುದ್ಧದಲ್ಲಿ ಸೋತು ದೇಶ ಬಿಟ್ಟ ತತ್ತ್ವಚಿಂತಕಿ ಮರಿಯಾ ಸಾಂಬ್ರಾನೊ ಅವರಿಗೆ ಪಾಠ ಹೇಳುವ ಕೆಲಸ ಕೊಟ್ಟದ್ದು ಈ ವಿಶ್ವವಿದ್ಯಾಲಯ.

ಇಷ್ಟೆಲ್ಲ ಹೆಸರಾಂತರ ಕಥೆ. ಹೆಸರಿಲ್ಲದವರ ಬಾಕಿ ಏನಾಯಿತು? ಅದಕ್ಕೆ ಉತ್ತರ ಸಿಗುವುದು ಮೊರೇಲಿಯಾದ ‘ವಿದ್ಯಾರ್ಥಿ ಮನೆ’ಗಳಲ್ಲಿ. ಹಳ್ಳಿಯಿಂದ ಬಂದ, ಕೈಯಲ್ಲಿ ಕಾಸಿಲ್ಲದ ಹುಡುಗರಿಗೆ ಅಲ್ಲಿ ವಿಶ್ವವಿದ್ಯಾಲಯದ ಖರ್ಚಿನಲ್ಲಿ ವಸತಿ, ಊಟ. ವಾರಾನ್ನ ಉಂಡು ಓದಿದವರ ಕಥೆಗಳನ್ನು, ಹಗಲು ಹೋಟೆಲಿನಲ್ಲಿ ದುಡಿದು ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಕಲಿತವರ ಕಥೆಗಳನ್ನು ಕೇಳಿ ಬೆಳೆದ ನಮಗೆ ಆ ಹುಡುಗರ ಮುಖ ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ವ್ಯತ್ಯಾಸವೆಂದರೆ ಅಲ್ಲಿ ಈ ಅನ್ನ ಹಕ್ಕಾಗಿ ಬೆಳೆಯಿತು. ಒಂದು ಹಂತದಲ್ಲಿ ಇಂಥ ಮನೆಗಳು ಮೂವತ್ತಕ್ಕೂ ಹೆಚ್ಚಿದ್ದವು. ಮಿಚೊವಾಕಾನ್‌ನವರಷ್ಟೇ ಅಲ್ಲ, ನೆರೆಯ ಗೆರೆರೊ, ದೂರದ ವಹಾಕಾ ರಾಜ್ಯಗಳ ಹಳ್ಳಿ ಮಕ್ಕಳೂ ಅಲ್ಲಿ ಉಳಿದು ಓದಿದರು.

ಹಕ್ಕು ಎಂದ ಮೇಲೆ ಜಗಳವೂ ಇದ್ದದ್ದೇ. 1966ರ ಅಕ್ಟೋಬರ್‌ನಲ್ಲಿ ಬಸ್ ದರ ಏರಿಕೆಯ ವಿರುದ್ಧದ ಪ್ರತಿಭಟನೆಯಲ್ಲಿ ಒಬ್ಬ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಕೆಲವೇ ದಿನಗಳಲ್ಲಿ ಸೇನೆ ವಿಶ್ವವಿದ್ಯಾಲಯದೊಳಗೆ ನುಗ್ಗಿತು, ವಿದ್ಯಾರ್ಥಿ ಮನೆಗಳಿಗೆ ಬೀಗ ಬಿತ್ತು. ಅವು ಮತ್ತೆ ತೆರೆಯಲು ವರ್ಷಗಳೇ ಹಿಡಿದವು. 2012ರ ಏಪ್ರಿಲ್‌ನಲ್ಲಿ ಪೊಲೀಸರು ಮತ್ತೆ ಈ ಮನೆಗಳಿಗೆ ನುಗ್ಗಿ ಇನ್ನೂರರಷ್ಟು ವಿದ್ಯಾರ್ಥಿಗಳನ್ನು ಹಿಡಿದೊಯ್ದರು.

ಇನ್ನೊಂದು ಬದಿಯ ಮಾತನ್ನೂ ಹೇಳಬೇಕು. ಪ್ರವೇಶ ಸಿಗದವರ ಪರವಾಗಿ ವಿದ್ಯಾರ್ಥಿಗಳು ದ್ವಾರಗಳನ್ನು ಬಂದ್ ಮಾಡಿದಾಗ ಪಾಠ ಕಳೆದುಕೊಳ್ಳುವವರೂ ಬಡವರ ಮಕ್ಕಳೇ. ಹಿಡಿದಿಟ್ಟ ಬಸ್ಸಿನಲ್ಲಿ ಊರಿಗೆ ಹೊರಟಿದ್ದವರೂ ಕೂಲಿಯವರೇ. ಮನೆಗಳನ್ನು ಕೆಲವು ಗುಂಪುಗಳು ತಮ್ಮ ಕೋಟೆ ಮಾಡಿಕೊಂಡಿವೆ ಎಂಬ ಸಿಟ್ಟು ಮೊರೇಲಿಯಾದ ಬೀದಿಗಳಲ್ಲಿದೆ. 2017ರ ಹೊತ್ತಿಗೆ ವಿಶ್ವವಿದ್ಯಾಲಯದ ಬೊಕ್ಕಸ ಬರಿದಾಗಿ ನೌಕರರ ಸಂಬಳಕ್ಕೇ ತತ್ವಾರವಾಯಿತು. ಪಿಂಚಣಿಯ ಹೊರೆ ಒಂದು ಕಡೆ, ಉಚಿತ ಊಟದ ಲೆಕ್ಕ ಇನ್ನೊಂದು ಕಡೆ. ಇಂಥ ಹೊತ್ತಿನಲ್ಲಿ ಮೊದಲ ಕತ್ತರಿ ಬೀಳುವುದು ಯಾವುದಕ್ಕೆ ಎಂಬುದು ಎಲ್ಲ ದೇಶದವರಿಗೂ ಗೊತ್ತು.

ಆದರೆ ಈ ಲೆಕ್ಕದಲ್ಲಿ ವಿದ್ಯಾರ್ಥಿಯ ಕಡೆಯಿಂದ ಬರುವ ಜಮೆಯೂ ಇದೆ. ಮೆಕ್ಸಿಕೋದಲ್ಲಿ ಪದವಿ ಕೈಸೇರಬೇಕಾದರೆ ಸಮಾಜಸೇವೆ ಕಡ್ಡಾಯ. ಸಾಮಾನ್ಯವಾಗಿ 480 ಗಂಟೆ. ವೈದ್ಯಕೀಯ ಓದಿದವರಿಗೆ ಪೂರ್ತಿ ಒಂದು ವರ್ಷ. ಮಿಚೊವಾಕಾನ್‌ನವನೇ ಆದ ಅಧ್ಯಕ್ಷ ಲಾಸರೊ ಕಾರ್ದೆನಾಸ್‌ನ ಕಾಲದಲ್ಲಿ, 1936ರಲ್ಲಿ, ರಾಷ್ಟ್ರೀಯ ವಿಶ್ವವಿದ್ಯಾಲಯದ ವೈದ್ಯ ವಿದ್ಯಾರ್ಥಿಗಳು ಹಳ್ಳಿಗಳಿಗೆ ಹೊರಟಾಗ ಆರಂಭವಾದ ಪದ್ಧತಿ ಇದು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಜ್ವರದ ಮಗುವನ್ನು ಎತ್ತಿಕೊಂಡು ಬಂದ ತಾಯಿ ಎಷ್ಟೋ ಸಲ ಕಾಣುವುದು ಇನ್ನೂ ಪದವಿ ಕೈಗೆ ಬಾರದ ಇಂಥ ತರುಣ ವೈದ್ಯರನ್ನೇ.

2019ರಲ್ಲಿ ಮೆಕ್ಸಿಕೋ ತನ್ನ ಸಂವಿಧಾನದ ಮೂರನೆಯ ವಿಧಿಯನ್ನು ತಿದ್ದಿ, ಉನ್ನತ ಶಿಕ್ಷಣವೂ ಸರ್ಕಾರದ ಹೊಣೆ, ಅದು ಉಚಿತವಾಗಬೇಕು ಎಂದಿತು. ಹಣ ಎಲ್ಲಿಂದ ಎಂಬ ಪ್ರಶ್ನೆ ಹಾಗೇ ಇದೆ. ಆ ಚರ್ಚೆಯಲ್ಲಿ ಬಡ ವಿದ್ಯಾರ್ಥಿಯನ್ನು ‘ಫಲಾನುಭವಿ’ ಎಂದು ಕರೆಯುವವರಿಗೆ 1565ರ ಆ ಷರತ್ತನ್ನು ಓದಿ ಹೇಳಬೇಕೆನಿಸುತ್ತದೆ. ಕಲ್ಲು ಹೊತ್ತವರ ಮೊಮ್ಮಗಳು ಪ್ರವೇಶದ ಸಾಲಿನಲ್ಲಿ ನಿಂತಾಗ ಅವಳು ಏನನ್ನೂ ಬೇಡುತ್ತಿಲ್ಲ, ಬರಬೇಕಾದದ್ದನ್ನು ಕೇಳುತ್ತಿದ್ದಾಳೆ. ಕೊಡಬೇಕಾದವರ ಹೆಸರಲ್ಲಿ ತಾತಾ ವಾಸ್ಕೊ ಅದನ್ನು ಎಂದೋ ಬರೆದಿಟ್ಟು ಹೋಗಿದ್ದಾನೆ.