ಹರಾಜಿಗೆ ಬಂದ ಕುಂಬಳಕಾಯಿ

ಕರಾವಳಿಯ ಪ್ರೊಟೆಸ್ಟೆಂಟ್ ಚರ್ಚುಗಳ ಬೆಳೆ ಹಬ್ಬದಲ್ಲಿ ಕುಂಬಳಕಾಯಿ, ಬಾಳೆಗೊನೆ, ಊರಿನ ಕೋಳಿ ಪೇಟೆ ಬೆಲೆ ಮೀರಿ ಹರಾಜಾಗುವುದನ್ನು ನಾವು ನೋಡಿದ್ದೇವೆ.

ಮೊದಲ ಫಸಲಿನ ಸಿವುಡು ದೇವರಿಗೆ ಎನ್ನುವುದು ಬೈಬಲಿನ ಯಾಜಕಕಾಂಡದಷ್ಟು ಹಳೆಯ ಮಾತು. ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ. 1914ರಲ್ಲಿ ಮಹಾಯುದ್ಧ ಶುರುವಾಗಿ ಬ್ರಿಟಿಷರು ಜರ್ಮನ್ ಮಿಶನರಿಗಳನ್ನು ಬಂಧನದಲ್ಲಿಟ್ಟರು. ಹೊರಗಿನ ಆಸರೆ ಶಾಶ್ವತವಲ್ಲ ಎಂಬುದು ಇಲ್ಲಿನ ಸಭೆಗಳಿಗೆ ಆಗ ಅರಿವಾಯಿತು.

ನಗದಿಲ್ಲದ ಮನೆಯಲ್ಲೂ ಕೊಡಲು ಏನಾದರೂ ಬೆಳೆದಿರುತ್ತದೆ. ಹರಾಜು ಅದನ್ನು ಸಭೆಯ ಖರ್ಚಿಗೆ ಹಣವಾಗಿಸುತ್ತದೆ. ಗೇಣಿ ಪದ್ಧತಿಯ ಕಾಲದಲ್ಲಿ ಗೇಣಿ ಒಕ್ಕಲು ತಂದ ಕಾಯಿಗೆ ಧನಿಕರು ಪೈಪೋಟಿಯಲ್ಲಿ ಕೂಗುತ್ತಿದ್ದರು.

ಈಗ ಗದ್ದೆಗಳು ಕಡಿಮೆ, ಕಾಣಿಕೆಯ ಕವರುಗಳು ಹೆಚ್ಚು. ಲೆಕ್ಕಪುಸ್ತಕಕ್ಕೆ ಎರಡೂ ಒಂದೇ. ಆದರೆ ಕವರನ್ನು ಯಾರೂ ಹರಾಜು ಕೂಗುವುದಿಲ್ಲ. ಬಡವರ ಕಾಣಿಕೆಗೆ ಅಂಗಳದಲ್ಲಿ ಸಿಗುತ್ತಿದ್ದ ಮರ್ಯಾದೆ ಅದರಲ್ಲಿಲ್ಲ.