ನೆಲೆ ತಪ್ಪಿದ ಮಸೂರ

ಕಣ್ಣಿನ ಪಾಪೆಯ ಹಿಂದೆ ಪುಟ್ಟದೊಂದು ಮಸೂರವಿದೆ. ಕೂದಲಿಗಿಂತ ನವುರಾದ ತಂತುಗಳು ಸುತ್ತಲೂ ಬಿಗಿದು ಅದನ್ನು ನೆಲೆಯಲ್ಲಿ ನಿಲ್ಲಿಸಿವೆ. ಪೆಟ್ಟಿನಿಂದಲೋ ಹುಟ್ಟುದೋಷದಿಂದಲೋ ಈ ತಂತುಗಳು ಸಡಿಲಿದರೆ ಮಸೂರ ಜಾರುತ್ತದೆ, ನೋಟ ಕದಡುತ್ತದೆ. ಇಂದು ನಾವು ರೋಗವೆನ್ನುವ ಈ ಸ್ಥಿತಿಯನ್ನು ಹಿಂದಿನವರು ಬೇಕೆಂದೇ ಉಂಟುಮಾಡುತ್ತಿದ್ದರು. ಅದೇ ಅವರ ಚಿಕಿತ್ಸೆಯಾಗಿತ್ತು.

ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಲಿಂಗನಾಶವೆಂಬ ದೃಷ್ಟಿರೋಗಕ್ಕೆ ಶಲಾಕೆಯಿಂದ ಮಾಡುವ ಶಸ್ತ್ರಕ್ರಿಯೆಯ ವರ್ಣನೆಯಿದೆ. ಮುಂದಿನ ಕಾಲದಲ್ಲಿ ಊರೂರು ಅಲೆಯುವ ಕಣ್ಣುವೈದ್ಯರು ಪೊರೆಗಟ್ಟಿದ ಮಸೂರವನ್ನು ಸೂಜಿಯಿಂದ ಒತ್ತಿ ಕಣ್ಣಿನ ತಳಕ್ಕೆ ಕೆಡಹುತ್ತಿದ್ದರು. ತಡೆ ಸರಿದು ಒಡನೆಯೇ ಬೆಳಕು ಕಾಣುತ್ತಿತ್ತು. ಆದರೆ ಒಳಗೇ ಉಳಿದ ಮಸೂರ ಎಷ್ಟೋ ಕಣ್ಣುಗಳಲ್ಲಿ ಉರಿಯೂತವನ್ನೂ ಒತ್ತಡವನ್ನೂ ಹೆಚ್ಚಿಸಿ, ಬಂದ ದೃಷ್ಟಿಯನ್ನು ಮರಳಿ ಕಸಿಯುತ್ತಿತ್ತು. ಆ ವೇಳೆಗೆ ವೈದ್ಯ ಮುಂದಿನ ಊರು ಸೇರಿರುತ್ತಿದ್ದ. ಮದರಾಸಿನ ಸರ್ಕಾರಿ ಕಣ್ಣಾಸ್ಪತ್ರೆಯಲ್ಲಿದ್ದ ಆರ್. ಎಚ್. ಎಲಿಯಟ್ ಇಂಥ ಕಣ್ಣುಗಳನ್ನು ಪರೀಕ್ಷಿಸಿ, ಅದರ ಹಾನಿಯನ್ನು 1917ರಲ್ಲಿ ಉಪನ್ಯಾಸಗಳ ಮೂಲಕ ಲೋಕದ ಮುಂದಿಟ್ಟರು.

ಪೊರೆಯನ್ನು ಕೆಡಹದೆ ಹೊರಕ್ಕೇ ತೆಗೆಯುವ ಮಾರ್ಗವನ್ನು ಫ್ರಾನ್ಸಿನ ಜಾಕ್ ದಾವಿಯೆಲ್ 1747ರಲ್ಲಿಯೇ ತೋರಿಸಿದ್ದರು. ಆದರೆ ಅದಕ್ಕೆ ಆಸ್ಪತ್ರೆ ಬೇಕು. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ಅದರ ಹೆಸರಾಂತ ಕಟ್ಟಡ ದೊರೆತದ್ದು 1913ರಲ್ಲಿ. ಮಂಡ್ಯ, ಮದ್ದೂರುಗಳ ಮೂಲಕ ರೈಲು ಹಾದಿದೆ, ಮಳವಳ್ಳಿಗೆ ರೈಲಿಲ್ಲ. ಅಲ್ಲಿಯವರು ರೈಲು ಹತ್ತಲು ಮದ್ದೂರಿಗೋ ಮಂಡ್ಯಕ್ಕೋ ಬರಬೇಕು. ಅಲೆಯುವ ವೈದ್ಯನಾದರೋ ಮನೆಬಾಗಿಲಿಗೇ ಬರುತ್ತಿದ್ದ. ಹಳ್ಳಿಗಾಡಿನಲ್ಲಿ ಸೂಜಿಯ ಪದ್ಧತಿ ಬೇಗ ಅಳಿಯದಿದ್ದುದಕ್ಕೆ ಇಂಥ ದೂರವೂ ಒಂದು ಕಾರಣವೆನ್ನಬೇಕು.

ತಾನಾಗಿ ಜಾರಿದ ಮಸೂರವನ್ನು ಮುಟ್ಟಲು ಮಾತ್ರ ಶಸ್ತ್ರವೈದ್ಯರು ಬಹುಕಾಲ ಹಿಂಜರಿದರು. ಅದನ್ನು ಎಳೆದರೆ ಕಣ್ಣಿನೊಳಗಿನ ಲೋಳೆಯೂ ಜೊತೆಗೆ ಬರುವ ಭಯ. 1970ರಲ್ಲಿ ಅಮೆರಿಕದ ಮಯಾಮಿಯಲ್ಲಿ ರಾಬರ್ಟ್ ಮಾಕೆಮರ್ ಸಣ್ಣ ರಂಧ್ರದಿಂದ ಆ ಲೋಳೆಯನ್ನೇ ಕತ್ತರಿಸಿ ಹೀರುವ ಉಪಕರಣವನ್ನು ಬಳಸಿದ ಮೇಲೆ ಆ ಭಯ ಕಡಮೆಯಾಯಿತು. ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲಿ ಕೃತಕ ಮಸೂರವನ್ನು ಕಣ್ಣಿನಲ್ಲಿರಿಸಿದ್ದರು. ಆಧಾರತಂತುಗಳೇ ಇಲ್ಲದ ಕಣ್ಣಿನಲ್ಲಿ ಅದನ್ನು ನಿಲ್ಲಿಸುವುದೆಲ್ಲಿ? ಹೊಲಿಗೆ ಹಾಕಿ ನಿಲ್ಲಿಸುವವರಿದ್ದರು. 2007ರಲ್ಲಿ ಚೆನ್ನೈನ ಡಾ. ಅಮರ್ ಅಗರ್‌ವಾಲ್ ಅಂಟಿನಿಂದ ನೆಲೆಗೊಳಿಸಿದರು.

ಈ ಚರಿತ್ರೆಗೂ ನಮ್ಮ ಮನೆಗಳಿಗೂ ನಂಟಿದೆ. ಮಂಡ್ಯದ ಸೀಮೆಯಲ್ಲಿ ಅಕ್ಕನ ಮಗಳನ್ನು ತರುವುದು ಹಳೆಯ ವಾಡಿಕೆ. ಮಸೂರ ಜಾರಿಸುವ ಕೆಲವು ಹುಟ್ಟುರೋಗಗಳು, ತಂದೆತಾಯಿ ಇಬ್ಬರಲ್ಲಿಯೂ ಅಡಗಿದ್ದ ದೋಷ ಮಗುವಿನಲ್ಲಿ ಕೂಡಿದಾಗ ತೋರುತ್ತವೆ. ರಕ್ತಸಂಬಂಧದಲ್ಲಿ ಆ ಸಂಭವ ಹೆಚ್ಚು. ಹೋಮೋಸಿಸ್ಟಿನ್ಯೂರಿಯ ಅಂಥದೊಂದು. ಅದರಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿರುವುದರಿಂದ, ರೋಗವನ್ನು ಗುರುತಿಸದೆ ಅರಿವಳಿಕೆ ಕೊಟ್ಟರೆ ಪ್ರಾಣಕ್ಕೇ ಕುತ್ತು ಬರಬಹುದು.

ಕರಿಹಲಗೆ ಕಾಣದೆ ಕಣ್ಣು ಕಿರಿದು ಮಾಡುವ ಮಗುವನ್ನು ದಡ್ಡನೆಂದು ಹಿಂದಿನ ಬೆಂಚಿಗೆ ಕಳುಹಿಸುವ ಮುನ್ನ ಕಣ್ಣುವೈದ್ಯರಲ್ಲಿಗೆ ಕರೆದೊಯ್ಯಬೇಕು. ಎಳವೆಯಲ್ಲಿ ಮಸುಕು ನೋಟಕ್ಕೆ ಒಗ್ಗಿದ ಮಿದುಳು, ಮುಂದೆ ಮಸೂರವನ್ನು ಸರಿಪಡಿಸಿದರೂ, ಸ್ಪಷ್ಟವಾಗಿ ಕಾಣುವುದನ್ನು ಪೂರ್ತಿ ಕಲಿಯಲಾರದು.