ಮೈಸೂರೆಂಬ ಹಡಗು, ಮನೆಯಲ್ಲುಳಿದ ಕುರುಹು

ವಿಜಯವಾಡದಿಂದ ರೈಲಿನಲ್ಲಿ ಹೊರಟವರು ಬೆಲ್ಲಕ್ಕೆ ಹೆಸರಾದ ಅನಕಾಪಲ್ಲಿಯನ್ನು ದಾಟಿದರೆ ಸ್ವಲ್ಪ ಹೊತ್ತಿನಲ್ಲೇ ವಿಶಾಖಪಟ್ಟಣ ಸೇರುತ್ತಾರೆ. ಅಲ್ಲಿಯ ಕಡಲ ದಂಡೆಯಲ್ಲಿ 'ಕುರ್ಸುರಾ' ಎಂಬ ಜಲಾಂತರ್ಗಾಮಿ ಕಟ್ಟೆಯ ಮೇಲೆ ನಿಂತಿದೆ. 1969ರಲ್ಲಿ ನೌಕಾದಳವನ್ನು ಸೇರಿ, 1971ರ ಯುದ್ಧದಲ್ಲಿ ಅರಬ್ಬೀ ಸಮುದ್ರದಲ್ಲಿ ಕಾವಲು ತಿರುಗಿದ ಈ ನೌಕೆ 2001ರಲ್ಲಿ ನಿವೃತ್ತಿ ಹೊಂದಿತು. ಮರುವರ್ಷ ಅದನ್ನು ದಡಕ್ಕೆಳೆದು ವಸ್ತುಸಂಗ್ರಹಾಲಯವನ್ನಾಗಿ ಮಾಡಿದರು. ಬಂದವರಿಗೆ ವಿವರಿಸಿ ಹೇಳುವವರು ನಿವೃತ್ತ ನಾವಿಕರೇ. ಇದರಲ್ಲಿ ದುಡಿದವನ ಮೊಮ್ಮಗು ಇಂದಿಗೂ ಒಳಹೊಕ್ಕು, ಅಜ್ಜ ಮಲಗಿದ್ದ ಇಕ್ಕಟ್ಟಾದ ಜಾಗವನ್ನು ಕಣ್ಣಾರೆ ನೋಡಬಹುದು.

ನಮ್ಮ ನಾಡಿನ ಹೆಸರನ್ನೇ ಹೊತ್ತಿದ್ದ 'ಮೈಸೂರು' ಹಡಗಿಗೆ ಈ ಭಾಗ್ಯ ದೊರೆಯಲಿಲ್ಲ.

ಅದು ಮೊದಲು ಬ್ರಿಟಿಷರ 'ನೈಜೀರಿಯಾ'. 1940ರಲ್ಲಿ ಸೇವೆಗೆ ಇಳಿದು, 1942ರಲ್ಲಿ ಮಾಲ್ಟಾ ದ್ವೀಪಕ್ಕೆ ಸಾಮಗ್ರಿ ಒಯ್ಯುವ ಹಡಗುಗಳಿಗೆ ಬೆಂಗಾವಲಾಗಿ ಹೋದಾಗ ಶತ್ರುವಿನ ಟಾರ್ಪೆಡೊ ಏಟು ತಿಂದಿತು. ಐವತ್ತಕ್ಕೂ ಹೆಚ್ಚು ಮಂದಿ ಸತ್ತರೂ ಹಡಗು ಮುಳುಗಲಿಲ್ಲ. ಮುಂದೆ ಭಾರತ ಅದನ್ನು ಕೊಂಡು, ಬರ್ಕನ್‌ಹೆಡ್ಡಿನಲ್ಲಿ ದುರಸ್ತಿ ಮಾಡಿಸಿ, 1957ರ ಆಗಸ್ಟ್ 29ರಂದು 'ಮೈಸೂರು' ಎಂಬ ಹೆಸರಿನಿಂದ ತನ್ನದಾಗಿಸಿಕೊಂಡಿತು. ಕನ್ನಡನಾಡು ಒಂದುಗೂಡಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಅದರ ಲಾಂಛನ ನಮ್ಮ ಗಂಡಭೇರುಂಡ. ಧ್ಯೇಯವಾಕ್ಯ ಎಂದಿಗೂ ಅಂಜೆನೆಂಬ ಅರ್ಥದ ಉಪನಿಷತ್ತಿನ ಮಾತು. ಮೊದಲ ಕ್ಯಾಪ್ಟನ್ ಎಸ್. ಎಂ. ನಂದಾ. ಇವರೇ 1971ರ ಯುದ್ಧಕಾಲದಲ್ಲಿ ಇಡೀ ನೌಕಾದಳದ ಮುಖ್ಯಸ್ಥರಾಗಿದ್ದರು. ಆ ಯುದ್ಧದಲ್ಲಿ 'ಮೈಸೂರು' ಪಶ್ಚಿಮ ಪಡೆಯ ಧ್ವಜನೌಕೆ.

1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. ಹಡಗು ಮಾತ್ರ ಹಳೆಯ ಹೆಸರನ್ನೇ ಉಳಿಸಿಕೊಂಡು ಮುಂದೆ ಹನ್ನೆರಡು ವರ್ಷ ಕಡಲಿನಲ್ಲಿತ್ತು. 1985ರ ಆಗಸ್ಟ್ 20ರಂದು ನಿವೃತ್ತಿಯಾಗಿ, ಬಳಿಕ ಒಡೆದು ಗುಜರಿಯಾಯಿತು. 1999ರಲ್ಲಿ ಅದೇ ಹೆಸರಿನ, ಅದೇ ಗಂಡಭೇರುಂಡದ ಹೊಸ ಯುದ್ಧನೌಕೆ ಬಂದಿತು ನಿಜ. ಆದರೆ ಹಳೆಯ ಹಡಗಿನಲ್ಲಿ ಬೆವರು ಸುರಿಸಿದವರ ಮನೆಯವರು ಇಂದು ಹೋಗಿ ಮುಟ್ಟಿ ನೋಡಲು ಅದರ ಒಡಲೇ ಇಲ್ಲ.

ಉಳಿದಿರುವುದು ಮನೆಗಳಲ್ಲಿರುವ ಕುರುಹುಗಳಷ್ಟೆ: ಗಂಡಭೇರುಂಡದ ಮರದ ಫಲಕ, ಟೋಪಿಯ ಪಟ್ಟಿ, ಬಂದರಿನಿಂದ ಬರೆದ ಕಾಗದ, ಸಾಲಾಗಿ ನಿಂತವರ ಒಂದು ಭಾವಚಿತ್ರ. ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಅಂಥದೊಂದು ಚಿತ್ರವಿದೆ. ಎರಡನೆಯ ಸಾಲಿನ ಎಡಗಡೆಯವರು ಮನೆಯ ಯಜಮಾನರು. ಉಳಿದವರು ಯಾರೆಂದು ಹೇಳಬಲ್ಲವರು ಅವರೊಬ್ಬರೇ ಆಗಿದ್ದರು. ಅವರು ತೀರಿಕೊಂಡ ಮೇಲೆ ಆ ಮುಖಗಳಿಗೆಲ್ಲ ಹೆಸರಿಲ್ಲದಂತಾಯಿತು. ಊರು ಬಿಟ್ಟು ಊರಿಗೆ, ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಗಂಟು ಕಟ್ಟುವ ನಮ್ಮಂಥವರಲ್ಲಿ ಇಂಥ ವಸ್ತುಗಳು ಹಳೆಯ ಪಾತ್ರೆ, ಪೇಪರುಗಳೊಡನೆ ಹೊರಟುಹೋಗುವುದೂ ಉಂಟು.

ಆದ್ದರಿಂದ ವಾಚಕ ಬಂಧುಗಳಲ್ಲಿ ಒಂದು ಬಿನ್ನಹ. ನಿಮ್ಮ ಮನೆಯ ಟ್ರಂಕಿನಲ್ಲಿ ಇಂಥದೇನಾದರೂ ಇದ್ದರೆ ಇಂದೇ ತೆಗೆಯಿರಿ. ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಚಿತ್ರದ ಹಿಂದೆ ಪೆನ್ಸಿಲಿನಿಂದ ಹೆಸರು, ಊರು, ವರ್ಷ ಬರೆದಿಡಿರಿ. ಹಡಗನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿರಲಿಲ್ಲ. ಹೆಸರುಗಳನ್ನು ಉಳಿಸುವುದಾದರೂ ಇದೆ.